ವಾಲಗದವರಿಗೆ ಯಾವ ಪಂಕ್ತಿ?

ಸಂಗೀತಗಾರರು ಏನನ್ನು ಉಣ್ಣಬೇಕು, ಏನನ್ನು ಉಣ್ಣಬಾರದು ಎಂಬ ವಿಷಯದಲ್ಲಿ ನಮ್ಮ ಜನರಲ್ಲಿ ಉಪದೇಶಗಳಿಗೆ ಕೊರತೆಯಿಲ್ಲ. ಹಾಡುವವರು ಮೊಸರು ಮುಟ್ಟಬಾರದು, ಊದುವವರು ಹೊಟ್ಟೆ ತುಂಬ ಉಣ್ಣಬಾರದು, ತಣ್ಣೀರು ಕುಡಿದರೆ ಕಂಠ ಕೆಡುತ್ತದೆ, ಕಲ್ಲುಸಕ್ಕರೆಯೊಡನೆ ಕಾಳುಮೆಣಸನ್ನು ಬಾಯಲ್ಲಿಟ್ಟುಕೊಂಡರೆ ದನಿ ತೆರೆಯುತ್ತದೆ ಎಂದು ಹೇಳದ ಹಿರಿಯರಿಲ್ಲ. ಆದರೆ ಇಷ್ಟೆಲ್ಲ ಹೇಳುವ ನಾವು ಒಂದು ಪ್ರಶ್ನೆಯನ್ನು ಮಾತ್ರ ನಮಗೆ ನಾವೇ ಕೇಳಿಕೊಳ್ಳುವುದಿಲ್ಲ. ನಮ್ಮ ಶುಭಕಾರ್ಯಕ್ಕೆ ಬಂದು ನುಡಿಸುವವನಿಗೆ ಉಣ್ಣಲು ನಾವು ಸಮಯವನ್ನು ಕೊಟ್ಟಿದ್ದೇವೆಯೇ? ಕೊಟ್ಟಿದ್ದರೆ ಯಾವಾಗ ಕೊಟ್ಟಿದ್ದೇವೆ? ಎಲ್ಲಿ ಕುಳ್ಳಿರಿಸಿದ್ದೇವೆ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಮದುವೆ, ಜಾತ್ರೆ, ತೇರು, ಪೂಜೆ-ಆರಾಧನೆಗಳನ್ನು ನಲವತ್ತು ವರ್ಷಗಳಿಂದ ಕಾಣುತ್ತ ಬಂದವನು ನಾನು. ಈ ಅವಧಿಯಲ್ಲಿ ಚಪ್ಪರಗಳು ಕಲ್ಯಾಣಮಂಟಪಗಳಾದವು, ಬಾಳೆಲೆಯ ಮೇಲಿನ ಭಕ್ಷ್ಯಗಳು ಮೂರರಿಂದ ಹದಿಮೂರಾದವು. ಬದಲಾಗದೆ ಉಳಿದದ್ದು ಒಂದೇ: ನಾಗಸ್ವರದವರು, ಡೋಲಿನವರು, ತಮಟೆಯವರು, ಉರುಮೆಯವರು ಕೊನೆಯಲ್ಲಿ ಉಣ್ಣುತ್ತಾರೆ. ನುಡಿಸುವವನ ಊಟದ ಪ್ರಶ್ನೆ ಮೊದಲು ಆತಿಥೇಯನ ನೀತಿಯ ಪ್ರಶ್ನೆ. ನುಡಿಸುವವನ ಪಥ್ಯದ ಪ್ರಶ್ನೆ ಆಮೇಲಿನದು. ಈ ಕ್ರಮವನ್ನು ನಾವು ತಲೆಕೆಳಗು ಮಾಡಿಕೊಂಡಿದ್ದೇವೆ ಎಂಬುದೇ ಈ ಲೇಖನದ ಆಕ್ಷೇಪ.

ನನ್ನ ಮನೆಯ ತಪ್ಪು

ಪರರನ್ನು ದೂಷಿಸುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ನನ್ನ ಮಗಳ ಮದುವೆ ಚಿತ್ರದುರ್ಗದ ಒಂದು ಕಲ್ಯಾಣಮಂಟಪದಲ್ಲಿ ನಡೆಯಿತು. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಿಂದ ಐದು ಜನ ವಾಲಗದವರು ನಸುಕಿನಲ್ಲಿಯೇ ಹೊರಟು ಬಂದಿದ್ದರು. ಬೆಳಿಗ್ಗೆ ಆರೂವರೆಗೆ ಅವರಿಗೆ ಕಾಫಿ ಸಿಕ್ಕಿತು. ಅಲ್ಲಿಂದ ಬೀಗರನ್ನು ಎದುರುಗೊಳ್ಳುವುದು, ವರಪೂಜೆ, ಹನ್ನೊಂದೂಕಾಲರ ಮುಹೂರ್ತದ ಗಟ್ಟಿಮೇಳ. ನಡುವೆ ದೊಡ್ಡ ಮನುಷ್ಯರು ಬಂದಾಗಲೆಲ್ಲ ಬಾಗಿಲಲ್ಲಿ ವಾಲಗ ನಿಲ್ಲಬಾರದೆಂದು ನಾನೇ ಹೇಳಿ ಕಳುಹಿಸುತ್ತಿದ್ದೆ. ತಿಂಡಿಯ ಹೊತ್ತಿನಲ್ಲಿ ಅವರು ನುಡಿಸುತ್ತಿದ್ದರು. ಊಟದ ಹೊತ್ತಿನಲ್ಲಿ ಮಂಟಪ ಬಿಕೋ ಎನ್ನಬಾರದೆಂದು ಆಗಲೂ ನುಡಿಸುತ್ತಿದ್ದರು.

ಮೂರೂವರೆಯ ಸುಮಾರಿಗೆ ಪಾತ್ರೆಗಳ ಲೆಕ್ಕ ನೋಡಲು ಹಿತ್ತಲಿಗೆ ಹೋದಾಗ, ನಾಗಸ್ವರದ ಹಿರಿಯರು ನೀರಿನ ತೊಟ್ಟಿಯ ಬಳಿ ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದರು.

"ಊಟ ಆಯ್ತೇನಜ್ಜಾ?" ಎಂದೆ.

"ಆಗುತ್ತೆ ಬಿಡಿ ಸ್ವಾಮಿ. ಕೊನೇ ಪಂಕ್ತಿ ಇನ್ನೂ ಎದ್ದಿಲ್ಲ."

ನನಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಮುಚ್ಚಿಕೊಳ್ಳಲು, "ಊದೋರು ಹೊಟ್ಟೆ ಖಾಲಿ ಇಟ್ಕೋಬೇಕು ಅಂತಾರಲ್ಲ" ಎಂದುಬಿಟ್ಟೆ. ಅವರು ನನ್ನ ಮುಖವನ್ನು ನೋಡದೆ ಹೇಳಿದರು: "ಹೊಟ್ಟೆ ತುಂಬಿದ್ರೆ ಉಸಿರು ಇಳಿಯಲ್ಲ ಸ್ವಾಮಿ, ಬರಿದಾಗಿದ್ರೆ ಉಸಿರು ನಿಲ್ಲಲ್ಲ. ಅರ್ಧ ತುಂಬಿರ್ಬೇಕು. ಆ ಅರ್ಧ ಯಾರು ಕೊಡ್ತಾರೆ?"

ಅವರ ಎಲೆಗೆ ಬಂದದ್ದು ಆರಿದ ಅನ್ನ ಮತ್ತು ಕೊಳದಪ್ಪಲೆಯ ತಳದ ಸಾರು. ಹೋಳಿಗೆ ಮುಗಿದಿತ್ತು. ಒಪ್ಪಿದ ಸಂಭಾವನೆಯನ್ನು ಒಂದು ರೂಪಾಯಿಯೂ ಕಡಿಮೆ ಮಾಡದೆ ಕೊಟ್ಟೆನೆಂಬ ಹೆಮ್ಮೆ ನನಗಿತ್ತು. ಆ ಹೆಮ್ಮೆ ಅಂದಿಗೆ ಹೋಯಿತು.

ಉಸಿರಿನ ಲೆಕ್ಕ

ಆ ಹಿರಿಯರು ಹೇಳಿದ ಮಾತನ್ನು ಶರೀರಶಾಸ್ತ್ರವೂ ಹೇಳುತ್ತದೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆಯಿದೆ. ದೀರ್ಘವಾಗಿ ಉಸಿರೆಳೆಯುವಾಗ ಅದು ಕೆಳಕ್ಕೆ ಇಳಿಯಬೇಕು. ಜಠರ ಕಿಕ್ಕಿರಿದಿದ್ದರೆ ಅದು ಇಳಿಯಲು ಎಡೆಯಿರುವುದಿಲ್ಲ. ಅನ್ನ, ಬೇಳೆ, ತುಪ್ಪ, ಸಿಹಿಗಳಿಂದ ಕೂಡಿದ ಪೂರ್ಣ ಭೋಜನವು ಜಠರವನ್ನು ಬಿಟ್ಟು ಮುಂದೆ ಸಾಗಲು ಸುಮಾರು 4 ಗಂಟೆಗಳು ಬೇಕು. ಎಣ್ಣೆಯ ಅಂಶ ಹೆಚ್ಚಿದಷ್ಟೂ ಕಾಲ ಹೆಚ್ಚುತ್ತದೆ. ಆದುದರಿಂದ ಪೂರ್ಣ ಭೋಜನ ನುಡಿಸುವುದಕ್ಕೆ 3-4 ಗಂಟೆ ಮೊದಲು, ಲಘು ಆಹಾರ ಒಂದೆರಡು ಗಂಟೆ ಮೊದಲು ಆಗಬೇಕು. ಎರಡು ಇಡ್ಲಿ, ನೆನೆಸಿದ ಅವಲಕ್ಕಿ, ತೆಳ್ಳನೆಯ ಗಂಜಿ, ಒಂದು ಬಾಳೆಹಣ್ಣು, ಇವುಗಳಲ್ಲಿ ಯಾವುದಾದರೂ ಸಾಕು. ರಾಗಿಮುದ್ದೆ ನಮ್ಮ ಸೀಮೆಯ ಬೆನ್ನೆಲುಬು, ನಿಜ. ಅದನ್ನು ಮಧ್ಯಾಹ್ನ ಉಂಡು ಸಂಜೆ ನುಡಿಸಬಹುದು. ಮುದ್ದೆ ಮುರಿದು ಕೈ ತೊಳೆದ ಕೂಡಲೇ ಮುಖವೀಣೆಯನ್ನು ತುಟಿಗೆ ಇಡುವುದು ಕಷ್ಟ.

ಬರಿಯ ಹೊಟ್ಟೆಯ ತೊಂದರೆಯಾದರೋ ಬೇರೆ ಬಗೆಯದು. ರಕ್ತದಲ್ಲಿ ಸಕ್ಕರೆಯ ಅಂಶ ಇಳಿದಾಗ ಕೈ ನಡುಗುತ್ತದೆ, ತಲೆ ಸುತ್ತುತ್ತದೆ, ಗಮನ ಚದುರುತ್ತದೆ. ತಾಳ ತಪ್ಪಿತೆಂದು ಸಭಿಕರು ನಗುತ್ತಾರೆ. ತಪ್ಪಿದ್ದು ತಾಳವಲ್ಲ, ಊಟ.

ತಮಟೆ, ಉರುಮೆ, ಡೊಳ್ಳಿನವರದು ಕಲೆಯೂ ಹೌದು, ಗೇಯ್ಮೆಯೂ ಹೌದು. ತಮಟೆಯ ಚರ್ಮ ಬಿಗಿಯಲೆಂದು ಬೆಂಕಿಗೆ ಹಿಡಿದು, ಅದೇ ಬೆಂಕಿಯ ಕಾವಿನಲ್ಲಿ ನಿಂತು, ಹಿರಿಯೂರಿನ ತೇರುಮಲ್ಲೇಶ್ವರನ ರಥದ ಮುಂದೆ ಬಿಸಿಲಿನಲ್ಲಿ ಗಂಟೆಗಟ್ಟಲೆ ಕುಣಿಯುತ್ತ ಬಾರಿಸುವವನ ಮೈಯಿಂದ ಇಳಿಯುವ ಬೆವರಿನಲ್ಲಿ ನೀರಿನೊಡನೆ ಉಪ್ಪೂ ಹೋಗುತ್ತದೆ. ಅವನಿಗೆ ಬರಿಯ ಚಹಾ ಕೊಟ್ಟರೆ ಸಾಲದು. ಉಪ್ಪು ಬೆರೆಸಿದ ನೀರುಮಜ್ಜಿಗೆ, ರಾಗಿ ಅಂಬಲಿ, ಎಳನೀರು ಬೇಕು. ಹೊಸದುರ್ಗ, ಹಿರಿಯೂರುಗಳ ತೆಂಗಿನ ತೋಟಗಳ ನಡುವೆ ನಿಂತು ಎಳನೀರಿಗೆ ಬರವೆನ್ನುವುದು ಯಾರಿಗೂ ಶೋಭಿಸದು.

ಹಾಡುವವರ ವಿಷಯದಲ್ಲಿ ನೀರಿನ ಮಹತ್ವ ಇನ್ನೂ ಹೆಚ್ಚು. ಹೆಂಗಸಿನ ಸಾಧಾರಣ ದನಿಯಲ್ಲಿ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಬಾರಿ ಒಂದಕ್ಕೊಂದು ತಾಗಿ ಬೇರ್ಪಡುತ್ತವೆ. ಏರುದನಿಯಲ್ಲಿ ಈ ಸಂಖ್ಯೆ ಹಲವು ಪಟ್ಟು ಏರುತ್ತದೆ. ಆ ತಂತುಗಳ ಮೇಲೆ ತೇವದ ತೆಳ್ಳನೆಯ ಪದರವಿದ್ದರೆ ಮಾತ್ರ ಅವು ಸವೆಯದೆ ಕೆಲಸ ಮಾಡುತ್ತವೆ. ಆದರೆ ಕುಡಿದ ನೀರು ನೇರವಾಗಿ ಅವುಗಳ ಮೇಲೆ ಹರಿಯುವುದಿಲ್ಲ. ಅನ್ನನಾಳದ ದಾರಿ ಬೇರೆ, ಉಸಿರಿನ ದಾರಿ ಬೇರೆ. ನೀರು ರಕ್ತವನ್ನು ಸೇರಿ, ಬಳಸಿಕೊಂಡು ಅಲ್ಲಿಗೆ ತಲುಪಬೇಕು. ವೇದಿಕೆಯನ್ನೇರುವಾಗ ಕೈಗೆ ಒಂದು ಲೋಟ ನೀರು ಕೊಟ್ಟು ಕರ್ತವ್ಯ ಮುಗಿಯಿತೆನ್ನುವ ಸಂಘಟಕರು ಇದನ್ನು ತಿಳಿಯಬೇಕು. ಬೆಳಗಿನಿಂದ ಸ್ವಲ್ಪಸ್ವಲ್ಪವಾಗಿ ಕುಡಿದ ನೀರು ಸಂಜೆಯ ಹಾಡಿಗೆ ಒದಗುತ್ತದೆ. ಇನ್ನು ಮೊಸರಿನಿಂದ ಕಫ ಹುಟ್ಟುತ್ತದೆ ಎಂಬ ಮಾತಿಗೆ ಬಲವಾದ ಆಧಾರವಿಲ್ಲ. ಗಟ್ಟಿ ಮೊಸರು, ಕೆನೆಹಾಲುಗಳು ಗಂಟಲಲ್ಲಿ ಸ್ವಲ್ಪ ಹೊತ್ತು ಅಂಟಿದಂತೆ ತೋರುವುದುಂಟು; ಅದು ಯಾರಿಗೆ ಆಗದೋ ಅವರು ಬಿಡಲಿ. ಬಿಡುವ ಹಕ್ಕು ಹಾಡುವವರದು. ಬಡಿಸದಿರಲು ಅದು ನಮಗೆ ನೆಪವಾಗಬಾರದು.

ಸಂಜೆಯ ಕಾರ್ಯಕ್ರಮಗಳಲ್ಲಿ ನಮ್ಮ ಊರುಗಳ ಸತ್ಕಾರವೆಂದರೆ ಒಗ್ಗರಣೆ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ. ಕೇಳುವವರಿಗೆ ಅದಕ್ಕಿಂತ ರುಚಿಯಾದದ್ದು ಇಲ್ಲ. ಹಾಡುವವರಿಗೆ ಮಾತ್ರ ಅದು ವೈರಿ. ಮಂಡಕ್ಕಿಯ ಪುಡಿ ಗಂಟಲಿಗೆ ಸಿಕ್ಕಿ ಕೆಮ್ಮು ಬರಿಸುತ್ತದೆ. ಎಣ್ಣೆಯಲ್ಲಿ ಕರಿದ ಖಾರ ಹುಳಿತೇಗನ್ನು ತರುತ್ತದೆ. ಕಲಾವಿದರು ಬೇಡವೆಂದರೆ ಅಹಂಕಾರವೆಂದು ತಿಳಿಯಬಾರದು.

ನುಡಿಸಿದ ಮೇಲೆ ಏನು?

ಕಾರ್ಯಕ್ರಮ ಮುಗಿದ ಮೇಲಿನ ಊಟವನ್ನು ಕುರಿತು ಯೋಚಿಸುವವರು ಇನ್ನೂ ವಿರಳ. ಹಾರ ಹಾಕಿ, ಶಾಲು ಹೊದಿಸಿ, ವಂದನಾರ್ಪಣೆ ಮಾಡಿ ಸಂಘಟಕರು ಮನೆಗೆ ಹೋಗುತ್ತಾರೆ. ರಾತ್ರಿ ಹನ್ನೊಂದಕ್ಕೆ ಹೊಳಲ್ಕೆರೆಯಲ್ಲೋ ಹೊಸದುರ್ಗದಲ್ಲೋ ಊಟ ಸಿಗುವ ಹೋಟೆಲನ್ನು ಹುಡುಕುತ್ತ ಹೊರಡುವವರು ಕಲಾವಿದರು. ಸಿಕ್ಕಿದ್ದನ್ನು ಹಸಿವಿನ ಭರದಲ್ಲಿ ಅತಿಯಾಗಿ ಉಂಡು, ಸಿಕ್ಕ ವಾಹನದಲ್ಲಿ ಒರಗಿ ನಿದ್ರಿಸುತ್ತಾರೆ. ಉಂಡ ಕೂಡಲೇ ಮಲಗಿದಾಗ ಜಠರದ ಆಮ್ಲವು ಮೇಲಕ್ಕೆ ಬಂದು ಗಂಟಲನ್ನು ಸುಡುತ್ತದೆ. ಮುಂಜಾನೆ ದನಿ ಒಡೆದಿರುತ್ತದೆ. ಅದನ್ನು "ದೃಷ್ಟಿ ತಾಗಿತು" ಎನ್ನುವವರಿದ್ದಾರೆ. ತಾಗಿದ್ದು ದೃಷ್ಟಿಯಲ್ಲ, ಹೊತ್ತುಮೀರಿದ ಊಟ. ಉಣ್ಣುವುದಕ್ಕೂ ಮಲಗುವುದಕ್ಕೂ ನಡುವೆ ಕನಿಷ್ಠ 2-3 ಗಂಟೆ ಇರಬೇಕೆಂದು ಗಂಟಲಿನ ವೈದ್ಯರು ಹಾಡುಗಾರರಿಗೆ ಹೇಳುವುದು ಇದಕ್ಕಾಗಿಯೇ.

ಇನ್ನು ಮೂಡಲಪಾಯದ ಭಾಗವತರ ಪಾಡನ್ನು ನೋಡಿ. ರಾತ್ರಿಯಿಡೀ ಹಾಡಬೇಕು. ಜೊತೆಗೆ ಮುಖವೀಣೆಯವನು ಉಸಿರು ಕಡಿಯದಂತೆ ಊದಬೇಕು. ವೇಷಧಾರಿಗೆ ತನ್ನ ಪಾತ್ರ ಮುಗಿದ ಮೇಲೆ ಬಿಡುವುಂಟು, ಹಿಮ್ಮೇಳಕ್ಕೆ ಬಿಡುವಿಲ್ಲ. ನಡುರಾತ್ರಿಯಲ್ಲಿ ಅವರಿಗೆ ಸಿಗುವುದು ಸಕ್ಕರೆ ಸುರಿದ ಚಹಾ. ಬಿಸಿ ಗಂಜಿಯ ಒಂದು ಬಟ್ಟಲನ್ನು ಆ ಹೊತ್ತಿಗೆ ಒದಗಿಸಲು ಆಟ ಆಡಿಸುವ ಊರಿಗೆ ಎಷ್ಟು ಖರ್ಚು ತಗುಲೀತು? ಮನಸ್ಸಿದ್ದರೆ ಸೌದೆಯ ಖರ್ಚು ಮಾತ್ರ.

ಇದನ್ನು ವ್ಯವಸ್ಥೆಯಾಗಿ ನಡೆಸಲಾಗದು ಎನ್ನುವವರು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯತ್ತ ಕಣ್ಣು ಹಾಯಿಸಬಹುದು. ಅಲ್ಲಿ 1987ರಲ್ಲಿ ಶಿವಕುಮಾರ ಕಲಾಸಂಘ ಹುಟ್ಟಿತು, 1997ರಲ್ಲಿ ಶಿವಸಂಚಾರವೆಂಬ ತಿರುಗಾಟದ ನಾಟಕ ತಂಡ ಆರಂಭವಾಯಿತು. ಊರಿಂದೂರಿಗೆ ತಿಂಗಳುಗಟ್ಟಲೆ ಸಂಚರಿಸುವ ತಂಡಕ್ಕೆ ದೀಪ, ಪರದೆಗಳಷ್ಟೇ ಊಟದ ವೇಳೆಯೂ ಮುಖ್ಯ. ಅದು ನಿಶ್ಚಿತವಾಗಿರದಿದ್ದರೆ ಯಾವ ತಿರುಗಾಟವೂ ಬಹುಕಾಲ ಬಾಳದು. ಒಂದು ಹಳ್ಳಿಯಲ್ಲಿ ಇಂಥದೊಂದು ಬಾಳಿಕೆ ಸಾಧ್ಯವಾದರೆ, ಒಂದು ದಿನದ ಮದುವೆಯಲ್ಲಿ ಐದು ಜನರಿಗೆ ಹೊತ್ತಿಗೆ ಸರಿಯಾಗಿ ಎಲೆ ಹಾಕುವುದು ಹೇಗೆ ಅಸಾಧ್ಯವಾಗುತ್ತದೆ?

ಅನ್ನದ ಬದಲು ಬಾಟಲಿ

ಊಟವನ್ನು ಕೊಡದವರು ಬೇರೊಂದನ್ನು ಧಾರಾಳವಾಗಿ ಕೊಡುತ್ತಾರೆ. ಮೆರವಣಿಗೆಯಲ್ಲಿ ತಮಟೆಯವರಿಗೆ ಹೆಂಡ ಕುಡಿಸಿದರೆ ಕೈ ಜೋರಾಗಿ ಓಡುತ್ತದೆ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಬೇರೂರಿದೆ. 2007ರಲ್ಲಿ ಸರ್ಕಾರವು ಸಾರಾಯಿಯನ್ನು ನಿಷೇಧಿಸಿತು. ಸಾರಾಯಿ ಹೋಯಿತು, ಬೇರೆ ಬಾಟಲಿ ಬಂದಿತು. ಕೊಡುವ ಕೈ ಮಾತ್ರ ಅದೇ ಉಳಿಯಿತು. ಮದ್ಯವು ಮೈಯಿಂದ ನೀರನ್ನು ಹೊರಹಾಕುತ್ತದೆ, ಲಯದ ಎಚ್ಚರವನ್ನು ಕೆಡಿಸುತ್ತದೆ, ದಣಿವನ್ನು ಮರೆಸಿ ಶಕ್ತಿಗೆ ಮೀರಿ ದುಡಿಸುತ್ತದೆ. ಬಿಸಿಲಿನಲ್ಲಿ ಬೆವರುತ್ತಿರುವ ಹಸಿದ ಮನುಷ್ಯನಿಗೆ ಅದನ್ನು ಕೊಡುವುದು ಉಪಚಾರವಲ್ಲ, ಹಿಂಸೆ. ಕುಡಿಯುವುದು ಅವರ ಚಟ, ನಮ್ಮ ತಪ್ಪೇನು ಎಂದು ಕೇಳುವ ಯಜಮಾನರು ಒಂದು ದಿನ ಬಾಟಲಿಯ ಹಣದಲ್ಲಿ ಊಟ ಹಾಕಿ ನೋಡಲಿ. ಚಟ ಯಾರದೆಂದು ಆಗ ತಿಳಿಯುತ್ತದೆ.

ಎರಡನೆಯ ಕೊಡುಗೆ ಅಡಿಕೆ. ಇಲ್ಲಿ ನಾನು ನೆರೆಹೊರೆಯವರ ಅಸಮಾಧಾನವನ್ನು ಎದುರಿಸಿಯೇ ಬರೆಯಬೇಕಾಗಿದೆ. ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರವು ಅಡಿಕೆಯ ವ್ಯಾಪಾರಕ್ಕೆ ಹೆಸರಾದ ಊರು. ಹೊಳಲ್ಕೆರೆ, ಹೊಸದುರ್ಗಗಳ ಎಷ್ಟೋ ಮನೆಗಳ ಅನ್ನ ಅಡಿಕೆಯಿಂದ ಬಂದದ್ದು. ತಾಂಬೂಲವಿಲ್ಲದೆ ನಮ್ಮಲ್ಲಿ ಯಾವ ಶುಭಕಾರ್ಯವೂ ಇಲ್ಲ, ವಾದ್ಯದವರನ್ನು ಕರೆಯುವುದೂ ತಾಂಬೂಲ ಕೊಟ್ಟೇ. ಆದರೂ ಸತ್ಯವನ್ನು ಹೇಳದಿರಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರದ ಅಡಿಕೆಯ ಜಗಿತವೂ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ಹೇಳಿದೆ. ಅದಕ್ಕೂ ಮೊದಲು ಬರುವ ಇನ್ನೊಂದು ರೋಗವಿದೆ. ಅದರಲ್ಲಿ ಬಾಯೊಳಗಿನ ಮೆದುಪೊರೆ ನಾರಿನಂತೆ ಗಟ್ಟಿಯಾಗಿ, ಬಾಯಿ ತೆರೆಯುವುದೇ ದಿನದಿನಕ್ಕೆ ಕಡಿಮೆಯಾಗುತ್ತದೆ, ಕೆನ್ನೆ ಬಿಗಿಯುತ್ತದೆ, ಬಿಸಿಖಾರದ ಅನ್ನ ಉರಿಯುತ್ತದೆ. ಕೆನ್ನೆಯುಬ್ಬಿಸಿ ಉಸಿರು ತುಂಬಿಕೊಳ್ಳಬೇಕಾದ ನಾಗಸ್ವರದವನಿಗೆ, ಬಾಯಿ ತುಂಬ ತೆರೆದು ಹಾಡಬೇಕಾದ ಭಾಗವತನಿಗೆ ಇದಕ್ಕಿಂತ ದೊಡ್ಡ ಶಾಪವುಂಟೇ? ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಬಳಿಕ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ಹೊಗೆಸೊಪ್ಪು ಇನ್ನೊಂದರಲ್ಲಿ ಮಾರಾಟಕ್ಕೆ ಬಂದವು. ಹಸಿವು ಕಾಣದಿರಲೆಂದು ವಾದ್ಯದ ಹುಡುಗರು ಅವನ್ನು ಬಾಯಿಗೆ ಹಾಕಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಾಸ್ತ್ರದ ತಾಂಬೂಲವನ್ನು ತಟ್ಟೆಯಲ್ಲಿಟ್ಟು ಗೌರವದಿಂದ ಕೊಡೋಣ. ಹಸಿವಿಗೆ ಅಡಿಕೆಯನ್ನು ಮದ್ದಾಗಿ ಕೊಡದಿರೋಣ.

ನಮ್ಮ ವ್ರತ, ಅವರ ಹಸಿವು

ಧರ್ಮಬಂಧುಗಳೇ, ಇಲ್ಲಿಯವರೆಗೆ ಹೇಳಿದ್ದು ಎಲ್ಲ ಸಮಾಜಗಳಿಗೂ ಅನ್ವಯಿಸುವ ಮಾತು. ನಮಗೇ ಅನ್ವಯಿಸುವ ಮಾತೊಂದಿದೆ, ಅದು ಕಹಿಯಾದದ್ದು.

ನಮ್ಮ ಆರಾಧನೆಗಳಲ್ಲಿ ಸೂರ್ಯಾಸ್ತಕ್ಕೆ ಅಡಿಗೆಮನೆಯ ಒಲೆ ಆರುತ್ತದೆ. ರಾತ್ರಿಭೋಜನ ತ್ಯಾಗವು ನಮ್ಮ ಶ್ರೇಷ್ಠ ನಿಯಮ; ಅದನ್ನು ಸಡಿಲಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಆರತಿ, ಭಜನೆ, ಸಾಂಸ್ಕೃತಿಕ ಕಾರ್ಯಕ್ರಮಗಳು ದೀಪ ಹಚ್ಚಿದ ಮೇಲೆಯೇ ಆರಂಭವಾಗುತ್ತವೆ. ವಾದ್ಯದವರಿಗೆ "ಐದಕ್ಕೆ ಬಂದು ಸಿದ್ಧರಾಗಿ" ಎಂದು ಹೇಳುತ್ತೇವೆ. ಅವರು ತಮ್ಮ ಶ್ರುತಿ ಕೂಡಿಸಿಕೊಳ್ಳುವ ಹೊತ್ತಿನಲ್ಲಿ ನಾವು ಉಣ್ಣುತ್ತಿರುತ್ತೇವೆ. ಅವರು ನುಡಿಸಲು ಆರಂಭಿಸುವಾಗ ಒಲೆ ಆರಿರುತ್ತದೆ. ಹತ್ತು ಗಂಟೆಗೆ ಮಂಗಳವಾದಾಗ, "ನಮ್ಮಲ್ಲಿ ರಾತ್ರಿ ಊಟವಿಲ್ಲ" ಎಂದು ಕೈ ಮುಗಿಯುತ್ತೇವೆ. ವ್ರತವನ್ನು ಹಿಡಿದವರು ನಾವು, ಉಪವಾಸ ಬಿದ್ದವರು ಅವರು. ತಾನು ಹಿಡಿಯದ ವ್ರತದ ಹಸಿವನ್ನು ಇನ್ನೊಬ್ಬ ಹೊರುವಂತೆ ಮಾಡಿದರೆ ಆ ಪುಣ್ಯ ಯಾರ ಲೆಕ್ಕಕ್ಕೆ ಸೇರೀತು?

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವುದು ವಾಚಕರಿಗೆ ತಿಳಿದದ್ದೇ. ಅವುಗಳಲ್ಲಿ ಎರಡನ್ನು ನೆನೆಯೋಣ. ಒಂದು ಅತಿಭಾರಾರೋಪಣ, ಅಂದರೆ ಶಕ್ತಿಗೆ ಮೀರಿದ ಹೊರೆಯನ್ನು ಹೇರುವುದು. ಇನ್ನೊಂದು ಅನ್ನಪಾನನಿರೋಧ, ಅಂದರೆ ನಮ್ಮನ್ನು ನಂಬಿದವರಿಗೆ ಹೊತ್ತಿಗೆ ಸರಿಯಾಗಿ ಅನ್ನನೀರು ಸಿಗದಂತೆ ತಡೆಯುವುದು. ಸಮಂತಭದ್ರಾಚಾರ್ಯರ ರತ್ನಕರಂಡಕವೂ ಇವೆರಡನ್ನು ಬಿಟ್ಟಿಲ್ಲ. ಇವನ್ನು ಎತ್ತು, ಕುದುರೆ, ಆಳುಕಾಳುಗಳಿಗೆ ಅನ್ವಯಿಸಿ ಪ್ರವಚನಗಳಲ್ಲಿ ಕೇಳಿದ್ದೇವೆ. ಬೆಳಗಿನ ಆರೂವರೆಯಿಂದ ಮಧ್ಯಾಹ್ನದ ಮೂರೂವರೆಯವರೆಗೆ ಒಂದು ಲೋಟ ಕಾಫಿಯ ಮೇಲೆ ನುಡಿಸಿದ ಮನುಷ್ಯನಿಗೆ ಅನ್ವಯಿಸಿ ಯಾರಾದರೂ ಹೇಳಿದ್ದುಂಟೇ? ಇರುವೆಗೆ ಸಕ್ಕರೆ ಹಾಕಿ, ನೀರನ್ನು ಸೋಸಿ ಕುಡಿಯುವ ನಾವು ನಮ್ಮ ಚಪ್ಪರದೊಳಗಿನ ಈ ಹಿಂಸೆಯನ್ನು ಕಾಣದೆ ಹೋದೆವು.

ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಿದೆ. ಆ ಕಾಲದ ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ಅಂಗಭೋಗ, ರಂಗಭೋಗ, ಆಹಾರದಾನಗಳೆಂಬ ಮಾತುಗಳು ಪರಿಚಿತ. ದೇವರ ಮುಂದೆ ಹಾಡುವ, ಕುಣಿಯುವ, ಬಾರಿಸುವ ಸೇವೆಗೂ ಭೂಮಿಯನ್ನು ಬಿಟ್ಟುಕೊಟ್ಟವರು ಆ ಹಿರಿಯರು. ನುಡಿಸುವವನ ಹೊಟ್ಟೆ ತುಂಬದೆ ರಂಗಭೋಗ ನಡೆಯದೆಂದು ಅವರಿಗೆ ತಿಳಿದಿತ್ತು. ನಾವು ರಂಗಭೋಗವನ್ನು ಮಾತ್ರ ಉಳಿಸಿಕೊಂಡೆವು.

ಕೊನೆಯ ಪಂಕ್ತಿಯ ನಿಜವಾದ ಕಾರಣ

ವಾದ್ಯದವರು ಕೊನೆಯಲ್ಲಿ ಉಣ್ಣುವುದು ಸಮಯದ ಅನಾನುಕೂಲದಿಂದ ಎಂದು ಹೇಳುತ್ತೇವೆ. ಇದು ಪೂರ್ಣ ಸತ್ಯವಲ್ಲ. ಛಾಯಾಗ್ರಾಹಕನಿಗೂ ಅದೇ ಅನಾನುಕೂಲವುಂಟು. ಅವನನ್ನು ಕೈ ಹಿಡಿದು ಎರಡನೆಯ ಪಂಕ್ತಿಯಲ್ಲಿ ಕುಳ್ಳಿರಿಸುತ್ತೇವೆ. ವ್ಯತ್ಯಾಸ ಹುಟ್ಟಿನದು. ನಾಗಸ್ವರ, ತಮಟೆಗಳನ್ನು ನುಡಿಸುವವರು ಯಾವ ಕೇರಿಗಳಿಂದ ಬರುತ್ತಾರೆಂಬುದು ನಮಗೆ ಗೊತ್ತು, ಹಿತ್ತಲಲ್ಲಿ ಎಲೆ ಹಾಕುವುದು ಅದಕ್ಕಾಗಿ ಎಂಬುದೂ ಗೊತ್ತು.

1924ರಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆಯನ್ನು ಹಾಡಿದ ಬಾಲೆಯರಲ್ಲಿ ಗಂಗೂಬಾಯಿ ಹಾನಗಲ್ ಒಬ್ಬರು. ತಾವು ಕೀಳೆನಿಸಿದ ಜಾತಿಯವರಾದುದರಿಂದ ಉಂಡ ಎಲೆಗಳನ್ನು ಎತ್ತಲು ತಮಗೆ ಹೇಳಬಹುದೇ ಎಂಬ ಆತಂಕ ಅಂದು ತಮ್ಮನ್ನು ಕಾಡಿತ್ತೆಂದು ಅವರು ಮುಂದೆ ನೆನೆದುಕೊಂಡರು. ಹಾಡಲು ಬಂದ ಹನ್ನೊಂದು ವರ್ಷದ ಹುಡುಗಿಗೆ ರಾಗದ ಚಿಂತೆಗಿಂತ ಎಲೆಯ ಚಿಂತೆ ದೊಡ್ಡದಾಗಿತ್ತು! ಆ ಹುಡುಗಿ ಮುಂದೆ ಕಿರಾನಾ ಘರಾಣೆಯ ಮಹಾಗಾಯಕಿಯಾಗಿ, ಪದ್ಮವಿಭೂಷಣರಾಗಿ, 2009ರಲ್ಲಿ ತೀರಿಕೊಂಡರು. ಅವರನ್ನು ಕೊಂಡಾಡದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಆ ಆತಂಕವನ್ನು ಹೊತ್ತ ಮಕ್ಕಳು ಇಂದಿಗೂ ನಮ್ಮ ಮದುವೆಗಳಲ್ಲಿ ತಾಳ ಹಿಡಿದು ತಂದೆಯ ಪಕ್ಕದಲ್ಲಿ ಕುಳಿತಿರುತ್ತಾರೆ.

ಕೆಲವರು ಹೇಳುತ್ತಾರೆ: "ನಮ್ಮ ಊಟ ಅವರಿಗೆ ರುಚಿಸುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಸಪ್ಪೆ ಊಟ, ಅವರ ಅಭ್ಯಾಸವೇ ಬೇರೆ." ಅವರು ತಮ್ಮ ಮನೆಯಲ್ಲಿ ಏನನ್ನು ಉಣ್ಣುತ್ತಾರೆಂಬುದು ಅವರಿಗೆ ಬಿಟ್ಟ ವಿಷಯ. ನಮ್ಮ ಎಲೆಯ ಮುಂದೆ ಕುಳ್ಳಿರಿಸಿ ಕೇಳಿದವರು ಯಾರು? ನಾನು ಕೇಳಿದ್ದೇನೆ. ನುಡಿಸುವ ದಿನ ಹಗುರವಾದ, ಖಾರ ಕಡಿಮೆಯಾದ ಊಟವೇ ತಮಗೆ ಹಿತವೆಂದು ಅವರೇ ಹೇಳಿದರು.

ಇನ್ನು ಕೆಲವರದು ಖರ್ಚಿನ ಮಾತು. ಸಾವಿರ ಎಲೆ ಬೀಳುವಲ್ಲಿ ಐದು ಎಲೆಗಳು ಕೊನೆಗೆ ಹೇಗೂ ಬೀಳುತ್ತವೆ. ಮೊದಲು ಹಾಕಿದರೆ ಹೆಚ್ಚಾಗುವ ಖರ್ಚು ಯಾವುದು? "ವಾಲಗ ನಿಂತರೆ ಅಪಶಕುನ" ಎಂಬುದು ಮೂರನೆಯ ಆಕ್ಷೇಪ. ಮುಹೂರ್ತಕ್ಕೆ ಎರಡು ಗಂಟೆ ಮೊದಲು ಅರ್ಧ ಗಂಟೆ ವಾಲಗ ನಿಂತರೆ ಕೆಡುವ ಶಕುನ, ಮನೆಗೆ ಬಂದವನು ಹಸಿದಿದ್ದರೆ ಕೆಡುವುದಿಲ್ಲವೇ?

ನೀಲಾಂಜನೆಯನ್ನು ಕಂಡ ಕಣ್ಣು

ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ನೀಲಾಂಜನೆಯ ಪ್ರಸಂಗವನ್ನು ಓದದ ಜೈನ ಮನೆಯಿಲ್ಲ. ನರ್ತಿಸುತ್ತಿದ್ದಂತೆಯೇ ಅವಳ ಆಯುಷ್ಯ ತೀರಿತು. ರಸಭಂಗವಾಗಬಾರದೆಂದು ಇಂದ್ರನು ಅರೆಕ್ಷಣದಲ್ಲಿ ಅವಳಂಥದೇ ಇನ್ನೊಂದು ರೂಪವನ್ನು ನಿರ್ಮಿಸಿದನು. ಸಭೆಗೆ ಏನೂ ತಿಳಿಯಲಿಲ್ಲ, ನೃತ್ಯ ನಡೆಯಿತು. ವೃಷಭದೇವನೊಬ್ಬನು ಮಾತ್ರ ಕಂಡನು. ಸಂಸಾರದ ಅನಿತ್ಯತೆಗೆ ಇದನ್ನು ದೃಷ್ಟಾಂತವಾಗಿ ನಮಗೆ ಕಲಿಸಿದ್ದಾರೆ, ಸರಿಯಾಗಿಯೇ ಕಲಿಸಿದ್ದಾರೆ. ಆದರೆ ಅದರೊಳಗೆ ಇನ್ನೊಂದು ಪಾಠವೂ ಇದೆ. ನೃತ್ಯದಲ್ಲಿ ಮೈಮರೆತ ಸಭೆ ನರ್ತಿಸುವವಳನ್ನು ಕಾಣಲಿಲ್ಲ. ನಾವು ಆ ಸಭೆಯಂತಾಗಿದ್ದೇವೆ. ಒಬ್ಬ ನಾಗಸ್ವರದವನು ಬಳಲಿದರೆ ಇನ್ನೊಬ್ಬನು ಊದುತ್ತಾನೆ, ಶಬ್ದ ನಿಲ್ಲದಿದ್ದರೆ ನಮಗೆ ಸಾಕು. ವೃಷಭದೇವನ ವೈರಾಗ್ಯ ನಮ್ಮ ಶಕ್ತಿಗೆ ಮೀರಿದ್ದು. ಅವನ ಕಣ್ಣಿನ ಒಂದಂಶವನ್ನಾದರೂ ಬೇಡಬಹುದಲ್ಲವೇ?

ಆಗಬೇಕಾದುದೇನು?

ಮೊದಲನೆಯದಾಗಿ, ವಾದ್ಯದವರಿಗೆ ತಾಂಬೂಲ ಕೊಡುವ ದಿನವೇ ಅವರ ಊಟದ ವೇಳೆಯನ್ನು ಸಂಭಾವನೆಯೊಡನೆ ಮಾತಾಡಿ ನಿಶ್ಚಯಿಸಬೇಕು. ಬೆಳಗಿನ ಮುಹೂರ್ತವಾದರೆ ಎರಡು ಗಂಟೆ ಮೊದಲು ತಿಂಡಿ, ಮುಹೂರ್ತ ಮುಗಿದ ಮೇಲೆ ಮೊದಲ ಪಂಕ್ತಿಯಲ್ಲಿ ಊಟ.

ಎರಡನೆಯದಾಗಿ, ಅವರು ಕುಳಿತು ನುಡಿಸುವಲ್ಲಿಯೇ ಕಾಯಿಸಿ ಆರಿಸಿದ ನೀರು, ಮಜ್ಜಿಗೆ ಇರಬೇಕು. ಕೇಳಿ ಪಡೆಯುವ ಸ್ಥಿತಿ ಬರಬಾರದು.

ಮೂರನೆಯದಾಗಿ, ನಮ್ಮ ಆರಾಧನೆಗಳಲ್ಲಿ ಸಂಜೆಯ ವಾದ್ಯದವರನ್ನು ನಾಲ್ಕಕ್ಕೇ ಕರೆಸಿ, ನಾಲ್ಕೂವರೆಗೆ ಹಗುರವಾದ ಊಟವನ್ನು ಬಡಿಸಬೇಕು. ಕಾರ್ಯಕ್ರಮವನ್ನು ಆದಷ್ಟು ಹಗಲ ಬೆಳಕಿನಲ್ಲಿ ಮುಗಿಸುವುದು ಎಲ್ಲಕ್ಕಿಂತ ಉತ್ತಮ. ವ್ರತವೂ ಉಳಿಯುತ್ತದೆ, ಉಸಿರೂ ಉಳಿಯುತ್ತದೆ. ರಾತ್ರಿ ತಡವಾಗುವುದು ಅನಿವಾರ್ಯವಾದರೆ ಊಟದ ಹಣವನ್ನು ಸಂಭಾವನೆಗೆ ಹೊರತಾಗಿ ಕೊಟ್ಟು, ಅವರನ್ನು ಊರು ಮುಟ್ಟಿಸುವ ವಾಹನವನ್ನು ಒದಗಿಸಬೇಕು. ರಾತ್ರಿಯ ಊಟಕ್ಕೆ ಹಣ ಕೊಟ್ಟರೆ ಅನುಮೋದನೆಯ ದೋಷ ತಗಲುತ್ತದೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಅವರನ್ನು ರಾತ್ರಿಯವರೆಗೆ ನಿಲ್ಲಿಸಿಕೊಂಡವರು ನಾವು. ದೋಷವಿದ್ದರೆ ಅದು ಆಗಲೇ ತಗಲಿತು.

ನಾಲ್ಕನೆಯದಾಗಿ, ಬಾಟಲಿ, ಗುಟ್ಕಾಗಳನ್ನು ಕೊಡುವವರನ್ನು ಮನೆಯ ಯಜಮಾನರೇ ತಡೆಯಬೇಕು.

ಐದನೆಯದಾಗಿ, ಅವರ ಎಲೆ ನಮ್ಮ ಎಲೆಗಳ ಸಾಲಿನಲ್ಲಿಯೇ ಬೀಳಬೇಕು. ಇದೊಂದು ಆದರೆ ಮೊದಲಿನ ನಾಲ್ಕು ತಾವಾಗಿ ಆಗುತ್ತವೆ.

ನನ್ನ ಕಿರಿಯ ಮಗನ ಮದುವೆ ಹಿರಿಯೂರಿನಲ್ಲಿ ನಡೆದಾಗ ಅದೇ ಹಳ್ಳಿಯ ತಂಡವನ್ನು ಕರೆಸಿದ್ದೆ. ಹಿರಿಯರು ಹಲ್ಲು ಬಿದ್ದು ಊದುವುದನ್ನು ಬಿಟ್ಟಿದ್ದರು, ಅವರ ಮಗ ಬಂದಿದ್ದ. ಬೆಳಿಗ್ಗೆ ಎಂಟೂವರೆಗೆ ಮೊದಲ ಪಂಕ್ತಿಗೆ ಎಲೆ ಹಾಕಿಸಿ, ತಂಡದವರನ್ನು ನಾನೇ ಕರೆಯಲು ಹೋದೆ. ಬೀಗರ ಕಡೆಯ ಒಬ್ಬಿಬ್ಬರು ಮುಖ ಸಿಂಡರಿಸಿದ್ದು ನನಗೆ ಕಂಡಿತು. ಮಗನು ನಾಗಸ್ವರವನ್ನು ಚೀಲದಲ್ಲಿಟ್ಟು ಎದ್ದನು, ಊಟದ ಮನೆಯ ಬಾಗಿಲಲ್ಲಿ ನಿಂತನು, ಒಳಗೆ ಬರಲಿಲ್ಲ.

"ಈಗ್ಲೇ ಊಟಾನಾ ಸ್ವಾಮಿ? ಯಾರಾದ್ರೂ ಬೈಯಲ್ವಾ?" ಎಂದು ಕೇಳಿದ.

ನುಡಿಸುವವನು ಏನನ್ನು ಉಣ್ಣಬೇಕೆಂದು ಉಪದೇಶಿಸುವ ಮುನ್ನ, ಈ ಪ್ರಶ್ನೆಗೆ ನಮ್ಮ ಸಮಾಜ ಉತ್ತರ ಕೊಡಲಿ. ಅವನು ಈ ಪ್ರಶ್ನೆಯನ್ನು ಕೇಳದೆ ನೇರವಾಗಿ ಬಂದು ಎಲೆಯ ಮುಂದೆ ಕುಳಿತ ದಿನ, ನಮ್ಮ ಮನೆಯ ಗಟ್ಟಿಮೇಳ ನಿಜಕ್ಕೂ ಮಂಗಳವಾದ್ಯವಾದೀತು.